ಕೊಡದೆ ಉಳಿದ ಊರು

ಮಕ್ಕಳೇ, ಇದನ್ನು ನಿಮ್ಮಪ್ಪ ನಿಮಗೆ ಓದಿ ಹೇಳಬೇಕು. ನೀವಿಬ್ಬರೂ ಹೊಸೂರಿನ ಸ್ಕೂಲಿನಲ್ಲಿ ಕಲಿಯುವುದು ತಮಿಳು, ಇಂಗ್ಲಿಷು. ನನಗೆ ಬರೆಯಲು ಬರುವುದು ಕನ್ನಡ ಒಂದೇ, ಅದೂ ನಮ್ಮೂರ ಸ್ಕೂಲಿನಲ್ಲಿ ಏಳನೇ ಕ್ಲಾಸಿನವರೆಗೆ ಕಲಿತದ್ದು. ಗಂಡ ಹೆಂಡತಿ ಆಡಿಕೊಂಡ ಮಾತನ್ನು ಮಗನ ಬಾಯಲ್ಲಿ ಓದಿಸುವುದಕ್ಕೆ ನಾಚಿಕೆಯಾಗುತ್ತದೆ. ನಿಮ್ಮ ಎದುರಿಗೆ ಕೂತು ಹೇಳುವುದಕ್ಕೆ ಇನ್ನೂ ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ತಿಂಗಳು ನಾನು ನಿಮ್ಮಲ್ಲಿ ಹಿರಿಯವಳಿಗೆ ಒಂದು ಸುಳ್ಳು ಹೇಳಿದೆ. ಒಂದು ಒಗಟಿಗೆ ತಪ್ಪು ಉತ್ತರ ಹೇಳಿದೆ. ತಪ್ಪು ಅಂತ ಗೊತ್ತಿದ್ದೇ ಹೇಳಿದೆ. ಆ ಒಗಟು ನಿಮ್ಮ ತಾತ ಕಟ್ಟಿದ್ದು, ಅವರು ಕಟ್ಟಿದ್ದರಲ್ಲಿ ಕೊನೆಯದು. ಅದರ ನಿಜವಾದ ಉತ್ತರ ನನಗೆ ಗೊತ್ತಿಲ್ಲ. ಗೊತ್ತಾಗಬೇಕೆಂದು ಎರಡು ವರ್ಷದಿಂದ ದಿನಾ ಹೊಲದ ಬದುವಿನ ಮೇಲೆ ಹೋಗಿ ಕೂರುತ್ತೇನೆ. "ಅಜ್ಜಿ ವಾಕಿಂಗ್ ಹೋಗಿದಾಳೆ" ಅನ್ನುತ್ತೀರಲ್ಲ, ಅದು ವಾಕಿಂಗ್ ಅಲ್ಲ.

ಮೊದಲಿಂದ ಹೇಳುತ್ತೇನೆ.

ಮದುವೆಯಾಗಿ ಬೇರಿಕೆ ಹತ್ತಿರದ ಈ ಮನೆಗೆ ಬಂದಾಗ ನಾನು ಮಾತೇ ಆಡುತ್ತಿರಲಿಲ್ಲ. ಅತ್ತೆ ಏನಾದರೂ ಕೇಳಿದರೆ ಹೂಂ, ಇಲ್ಲವೇ ಊಹೂಂ. ಗಂಡ ಎದುರಿಗೆ ಬಂದರೆ ಅದೂ ಇಲ್ಲ. ಅತ್ತೆ ಪಕ್ಕದ ಮನೆಯವಳ ಹತ್ತಿರ, "ಸೊಸೆ ಕೆಲಸದಾಗೆ ಗಟ್ಟಿ ಕಣಮ್ಮ, ನಾಲಿಗೆ ಮಾತ್ರ ತವರಲ್ಲೇ ಬಿಟ್ಟು ಬಂದವ್ಳೆ" ಎಂದದ್ದು ಗೋಡೆಯ ಈಚೆಗೆ ನನಗೂ ಕೇಳಿಸಿತು. ಕೇಳಿಸಿದ ಮೇಲೆ ಬಾಯಿ ಇನ್ನಷ್ಟು ಮುಚ್ಚಿಕೊಂಡಿತು.

ರಾಗಿ ತೆನೆ ಬಲಿಯುವ ಕಾಲ. ಬದುವಿನ ಮೇಲೆ ನಾನು ಹಸುವಿಗೆ ಹುಲ್ಲು ಕೊಯ್ಯುತ್ತಿದ್ದೆ. ನಿಮ್ಮ ತಾತ ನಾಲ್ಕು ಮಾರು ದೂರದಲ್ಲಿ ಕೊಯ್ಯುತ್ತಿದ್ದರು. ತಲೆ ಎತ್ತದೆ, ಯಾರಿಗೂ ಅಲ್ಲದ ಹಾಗೆ ಅಂದರು:

"ಐದು ಬೆರಳು, ಒಂದಕ್ಕೂ ಉಗುರಿಲ್ಲ. ಮುಷ್ಟಿ ಬಿಗಿದಷ್ಟೂ ಮನೆಗೆ ಹಬ್ಬ. ಏನದು?"

ನನ್ನ ಮೊಣಕೈಗೆ ತಾಗಿಕೊಂಡೇ ಒಂದು ತೆನೆ ಇತ್ತು. ಎಳೆಯದಾಗಿದ್ದಾಗ ಬಿಚ್ಚಿದ ಕೈ ಹಾಗೆ ಇದ್ದದ್ದು ಬಲಿತು ಒಳಕ್ಕೆ ಮಡಿಚಿಕೊಂಡಿತ್ತು. ಹುಟ್ಟಿದಂದಿನಿಂದ ರಾಗಿ ನೋಡಿದ್ದೆ, ಅದಕ್ಕೆ ಕೈ ಇರುವುದನ್ನು ನೋಡಿರಲಿಲ್ಲ. ನನಗೇ ತಿಳಿಯದೆ "ತೆನೆ" ಅಂದುಬಿಟ್ಟೆ.

ಅವರು ಕುಡುಗೋಲು ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಅಲೆಲೆ! ಬಾಯಿ ಐತಲ್ಲ! ನಾನೆಲ್ಲೋ ಮೂಗೀನ ಕಟ್ಟುಬುಟ್ರು ಅನ್ಕೊಂಡಿದ್ದೆ!"

ನನಗೆ ಸಿಟ್ಟು ಬಂತು. ಮೂರು ದಿನ ಕೆಲಸ ಮಾಡಿಕೊಂಡೇ ಯೋಚನೆ ಮಾಡಿದೆ. ಬಾವಿಯ ಪಕ್ಕದ ಈಚಲು ಮರದಲ್ಲಿ ಗೀಜಗ ಗೂಡು ಕಟ್ಟುತ್ತಿತ್ತು, ನೀರು ಸೇದುವಾಗೆಲ್ಲ ಅದನ್ನೇ ನೋಡಿದೆ. ನಾಲ್ಕನೇ ದಿನ ಅವರ ತಟ್ಟೆಗೆ ಮುದ್ದೆ ಇಡುತ್ತಾ ಹೇಳಿದೆ:

"ಕೈ ಇಲ್ಲದೋನು ಕಟ್ಟಿದ ಮನೆ. ಬಾಗಿಲು ಕೆಳಗೆ, ಅಟ್ಟ ಮೇಲೆ. ನೆಂಟರು ಬಂದ್ರೆ ಕೂರಾಕೆ ಜಗಲಿ ಇಲ್ಲ."

ಅವರು ಮುದ್ದೆ ಮುರಿಯುವುದನ್ನು ನಿಲ್ಲಿಸಿದರು. ಊಟ ಮುಗಿಯಿತು, ಕೈ ತೊಳೆದಾಯಿತು, ಹೊಳೆಯಲಿಲ್ಲ. ಮಾರನೆಯ ದಿನ ಮಧ್ಯಾಹ್ನ ಸೋತೆ ಎಂದರು. ಸೋತವರು ಊರು ಕೊಡಬೇಕಲ್ಲ, ಅವರು ಬೇರಿಕೆಯನ್ನೇ ಕೊಟ್ಟರು.

ಊರು ಕೊಡುವುದು ಅಂದರೆ ಏನು ಅಂತ ನಿಮಗೆ ಗೊತ್ತು, ನಾನೇ ಕಲಿಸಿದ್ದೇನೆ. ಒಗಟು ಬಿಡಿಸಲು ಆಗದಿದ್ದವರು ಒಂದು ಊರಿನ ಹೆಸರು ಹೇಳಿ "ಕೊಟ್ಟೆ" ಎನ್ನಬೇಕು. ಆಮೇಲೇ ಒಗಟು ಹಾಕಿದವರು ಉತ್ತರ ಬಿಡುವುದು. ಊರು ಕೊಡದೆ ಉತ್ತರ ಇಲ್ಲ. ನಾವು ಚಿಕ್ಕವರಿದ್ದಾಗ ಎಲ್ಲರೂ ಹಾಗೇ ಆಡುತ್ತಿದ್ದೆವು. ದೊಡ್ಡವರಾದ ಮೇಲೆ ಬಿಟ್ಟರು. ನಾವಿಬ್ಬರು ಬಿಡಲಿಲ್ಲ.

ಬೇರಿಕೆ ನನ್ನದಾದ ಮೇಲೆ ಅವರು ಅಲ್ಲಿಯ ಸಂತೆಗೆ ಹೊರಟಾಗಲೆಲ್ಲ ಬಾಗಿಲಲ್ಲಿ ನಿಂತು, "ಅಮ್ಮಾವ್ರೆ, ನಿಮ್ಮೂರಿಗೆ ಹೋಗಿ ಬತ್ತೀನಿ, ಅಪ್ಪಣೆ ಐತಾ?" ಎಂದು ಕೇಳುತ್ತಿದ್ದರು. ಅತ್ತೆಗೆ ಕೇಳಿಸೀತು ಅಂತ ನಾನು ಸೆರಗು ಬಾಯಿಗೆ ಹಿಡಿದುಕೊಂಡು ಒಳಗೆ ಓಡುತ್ತಿದ್ದೆ. ಜವಳಗಿರಿಯನ್ನು ನಾನು ಅವರಿಗೆ ಕೊಟ್ಟೆ. ಆ ಕಡೆಯ ಕಾಡಿನಿಂದ ಆನೆ ಬಂದು ಯಾರದೋ ಹೊಲ ತುಳಿಯಿತು ಅಂತ ಸುದ್ದಿ ಬಂದರೆ, "ನಿಮ್ಮೂರಿನೋರು ಬಂದಿದ್ರಂತೆ, ಊಟ ಮಾಡ್ಕೊಂಡು ಹೋದ್ರಂತೆ" ಎಂದು ನಾನು ಅನ್ನುತ್ತಿದ್ದೆ. ನಾನು ತಮಾಷೆ ಮಾಡಬಲ್ಲೆ ಅಂತ ಈ ಲೋಕದಲ್ಲಿ ಗೊತ್ತಿದ್ದದ್ದು ಅವರೊಬ್ಬರಿಗೇ.

ಒಗಟು ಕಟ್ಟುವುದು ಹೇಗೆ ಅಂತ ಹಿರಿಯವಳು ಕೇಳುತ್ತಿರುತ್ತಾಳೆ. ಅವರು ನನಗೆ ಹೇಳಿದ್ದು ಇಷ್ಟೇ: "ಮೊದ್ಲು ಅದರ ಹೆಸ್ರು ಮರ್ತುಬುಡು. ಆಮ್ಯಾಕೆ ನೋಡು." ಅವರೆಕಾಯಿ ಅಂತ ಅಂದುಕೊಂಡು ನೋಡಿದರೆ ಅವರೆಕಾಯಿಯೇ ಕಾಣುತ್ತದೆ, ಸಾರು ಕಾಣುತ್ತದೆ. ಹೆಸರು ಮರೆತು ನೋಡಿದರೆ ಚಳಿಗೆ ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಕೂತ ಒಬ್ಬಳು ಕಾಣುತ್ತಾಳೆ, ಮುಟ್ಟಿದವರ ಕೈಗೆಲ್ಲ ಅವಳ ವಾಸನೆ. ಎರಡನೆಯದು ನಾನೇ ಕಂಡುಕೊಂಡದ್ದು: ಅದು ಏನು ಮಾಡುತ್ತದೆ ಎಂದು ನೋಡಬೇಕು, ಹೇಗಿದೆ ಎಂದಲ್ಲ. ಸಂಜೆಮಲ್ಲಿಗೆ ಕೆಂಪಗಿದೆ ಎಂದರೆ ಒಗಟಾಗುವುದಿಲ್ಲ. ಊರೆಲ್ಲ ದೀಪ ಹಚ್ಚುವ ಹೊತ್ತಿಗೆ ಎದ್ದು ಸಿಂಗಾರ ಮಾಡಿಕೊಳ್ಳುವವಳು ಎಂದರೆ ಆಗುತ್ತದೆ. ಆಮೇಲೆ ಮಾತನ್ನು ಬಾಯಲ್ಲಿ ಹೊರಳಿಸಬೇಕು, ಹೆಚ್ಚಾದದ್ದನ್ನು ಉಗಿಯಬೇಕು. ಹುಲ್ಲು ಕೊಯ್ಯುತ್ತಾ, ಸಗಣಿ ಬಾಚುತ್ತಾ ಹೊರಳಿಸುತ್ತಿದ್ದೆ. ಕುದುರಿದ ಮೇಲೆ ಕಿತ್ತುಹಾಕಿದ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದಿಡುತ್ತಿದ್ದೆ.

ಜಗಳವಾದರೂ ಒಗಟೇ ಬೇಕಿತ್ತು. ಒಂದು ಸಲ ಎರಡು ದಿನ ನಾನು ಮುಖ ತಿರುಗಿಸಿಕೊಂಡಿದ್ದೆ. ಕಾರಣ ಈಗ ನೆನಪಿಲ್ಲ. ಅವರು ಹಿತ್ತಲಲ್ಲಿ ಪಾತ್ರೆ ತೊಳೆಯುವ ಕಲ್ಲಿನ ಪಕ್ಕ ಬಂದು ಕುಕ್ಕರುಗಾಲಲ್ಲಿ ಕೂತು, "ಕೈ ತಾಗಿದ್ರೆ ಕದ ಹಾಕ್ಕೊತಾಳೆ, ಸುಮ್ಕೆ ಬುಟ್ರೆ ತಾನೇ ತೆಗೀತಾಳೆ. ಯಾರೇ ಅದು?" ಎಂದರು.

"ನನ್ನೇ ಅಂತಿದ್ದೀರಿ."

"ಅಯ್ಯೋ ಇಲ್ಲ ಕಣೆ, ಮುಟ್ಟಿದರೆ ಮುನಿ ಗಿಡ! ನಿಂಗ್ಯಾಕೆ ಚುಚ್ತು? ತಪ್ಪು ಹೇಳ್ದೆ, ಊರು ಕೊಡು!"

ಬಾಗಲೂರು ಹೋಯಿತು. ಸಿಟ್ಟೂ ಹೋಯಿತು.

ಹೀಗೆ ಮೂವತ್ತು ನಲವತ್ತು ವರ್ಷದಲ್ಲಿ ಸುತ್ತಲಿನ ಊರುಗಳೆಲ್ಲ ಒಬ್ಬರಿಂದ ಒಬ್ಬರಿಗೆ ಹೋಗಿ ಬಂದವು. ಹೊಸೂರನ್ನು ಮಾತ್ರ ಯಾರೂ ಕೊಟ್ಟಿರಲಿಲ್ಲ. ಅದು ದೊಡ್ಡ ಊರು, ಕಾರ್ಖಾನೆಗಳ ಊರು, ನಿಮ್ಮಪ್ಪನ ಶಿಫ್ಟು ಇರುವುದು ಅಲ್ಲಿ. "ಅದನ್ನ ಸಲೀಸಾಗಿ ಕೊಡಾಕೆ ಆಯ್ತದಾ?" ಎಂದು ಇಬ್ಬರೂ ಬಿಗಿ ಹಿಡಿದುಕೊಂಡಿದ್ದೆವು.

ಎರಡು ವರ್ಷದ ಹಿಂದೆ, ಅವರೆ ಕಾಲ. ಒಂದು ದಿನ ಅವರು ಬೆಳಗ್ಗೆ ಹೊಲದಿಂದ ಬಂದರು. ನಾನು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದೆ. ಕಾಲು ತೊಳೆಯುವುದಕ್ಕೂ ನಿಲ್ಲಲಿಲ್ಲ, ಹಾಗೇ ಕೂತರು. ಏನೋ ಸಿಕ್ಕಿದೆ ಅಂತ ಅವರ ಮುಖದಲ್ಲೇ ಗೊತ್ತಾಯಿತು.

"ಈವತ್ತು ಹೊಸೂರು ಬರ್ತೈತೆ ಕಣೆ ನನ್ ಕೈಗೆ," ಎಂದರು. ಆಮೇಲೆ ಒಗಟು ಹೇಳಿದರು:

"ಬೇಲಿ ದಾಟ್ತದೆ, ಬೇಲಿ ಅಲ್ಲಾಡಲ್ಲ.
ಹೊಲವೆಲ್ಲ ತುಳೀತದೆ, ಒಂದು ಪೈರೂ ಮುರಿಯಲ್ಲ.
ಹೋಗೋವಾಗ ಒಂದು ಬಿಟ್ಟೋಗ್ತದೆ, ತಗೊಳ್ಳೋರು ಯಾರೂ ಇಲ್ಲ."

"ಮಂಜು," ಅಂದೆ ತಕ್ಷಣ. ಅದು ಮಂಜಿನ ಕಾಲ. ಮಂಜು ಹೋಗುವಾಗ ಹನಿ ಬಿಟ್ಟು ಹೋಗುತ್ತದೆ.

"ಹನಿನ ಅವರೆಕಾಯಿ ತಗೊತದಲ್ಲೇ. ಅದಕ್ಕೇ ಅಲ್ವಾ ಆ ಸೊಗಡು? ಅಲ್ಲ."

ಮಾರನೆಯ ದಿನ "ಮೋಡದ ನೆರಳು" ಅಂದೆ. ಅದಕ್ಕೂ ತಲೆ ಆಡಿಸಿದರು. "ನೆರಳು ಏನ್ ಬಿಟ್ಟೋಯ್ತದೆ? ಬರಿಗೈಲಿ ಬತ್ತದೆ, ಬರಿಗೈಲಿ ಹೋಯ್ತದೆ."

ಬೆಳದಿಂಗಳು ಅಂದೆ. "ನಾನು ಕಂಡಿದ್ದು ಹಗಲು ಕಣೆ. ಬದಿನ ಮ್ಯಾಲೆ ಕೂತಿದ್ದೆ. ನೀನೂ ದಿನಾ ನೋಡ್ತೀಯ. ಕೊಟ್ಟುಬುಡು ಹೊಸೂರ್ನ."

"ಕೊಡಲ್ಲ."

"ಕೊಡೇ."

"ಕೊಡಲ್ಲ ಅಂದ್ರೆ ಕೊಡಲ್ಲ."

ಎಂಟು ದಿನ ಹೀಗೇ ನಡೆಯಿತು. ನಿಮ್ಮಮ್ಮನ ಎದುರಿಗೆ, ನಿಮ್ಮ ಎದುರಿಗೆ ಜೋರಾಗಿ ಮಾತಾಡದ ನಾನು, ಈ ಒಂದು ಆಟದಲ್ಲಿ ಹಟಮಾರಿ. ಒಂಬತ್ತನೆಯ ದಿನ ಬೆಳಗ್ಗೆ ಅವರಿಗೆ ಎದೆ ಹಿಡಿದುಕೊಂಡಿತು. ಉಸಿರು ಮೇಲಕ್ಕೆ ಬರಲಿಲ್ಲ. ನಿಮ್ಮಪ್ಪ ಕಾರು ತರಿಸಿ ಹೊಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ದಾರಿಯಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು.

ಆಗ ನನ್ನ ಮನಸ್ಸಿನಲ್ಲಿ ಒಂದು ಹುಚ್ಚು ಯೋಚನೆ ಬಂತು. ಒಗಟು ಇನ್ನೂ ಮುಗಿದಿಲ್ಲ, ಊರು ಅವರ ಕೈಗೆ ಹೋಗಿಲ್ಲ. ಮುಗಿಯದ ಆಟ ಬಿಟ್ಟು ಅವರು ಎದ್ದು ಹೋಗುವ ಮನುಷ್ಯ ಅಲ್ಲ. ನಾನು ಕೊಡದೆ ಇರುವಷ್ಟು ದಿನ ಅವರು ಇರುತ್ತಾರೆ, ತೆಗೆದುಕೊಳ್ಳುವುದಕ್ಕಾದರೂ ಮನೆಗೆ ಬರುತ್ತಾರೆ. ಓದಿದವರು ನಗಬಹುದು. ಆವತ್ತು ಕಾರಿನಲ್ಲಿ ನನಗೆ ಹಿಡಿದುಕೊಳ್ಳುವುದಕ್ಕೆ ಇದ್ದದ್ದು ಅದೊಂದೇ.

ಸಂಜೆಯ ಹೊತ್ತಿಗೆ ಅವರಿಗೆ ಸ್ವಲ್ಪ ಎಚ್ಚರವಾಯಿತು. ಮಂಚದ ಸುತ್ತ ನಿಮ್ಮಪ್ಪ, ತಾತನ ತಂಗಿ, ಅವಳ ಮನೆಯವರು, ಪಕ್ಕದ ಮಂಚದ ಜನ, ತಮಿಳಿನಲ್ಲಿ ಮಾತಾಡುತ್ತಿದ್ದ ನರ್ಸಮ್ಮ. ಅವರು ಕಣ್ಣಲ್ಲೇ ನನ್ನನ್ನು ಹುಡುಕಿದರು. ನಾನು ಬಗ್ಗಿದೆ. ಮುಖದ ಮೇಲಿನ ಮಾಸ್ಕಿನ ಒಳಗಿಂದ, ನಿಲ್ಲಿಸಿ ನಿಲ್ಲಿಸಿ, ಅಂದರು:

"ಹೊಸೂರಿಗೇ ಬಂದ್ಬುಟ್ಟಿದ್ದೀವಲ್ಲೇ. ಈಗಾದ್ರೂ ಕೊಡು. ಹೇಳ್ಬುಡ್ತೀನಿ."

ನನಗೆ ಮೈಯೆಲ್ಲ ನಾಚಿಕೆಯಾಯಿತು. ಇಷ್ಟು ಜನರ ನಡುವೆ, ಈ ಸ್ಥಿತಿಯಲ್ಲಿ, ಮೊಮ್ಮಕ್ಕಳು ಕಂಡ ಮುದುಕಿ ಒಗಟು ಆಡುತ್ತಾಳೆ ಅಂತ ಯಾರಾದರೂ ಅಂದುಕೊಂಡರೆ? "ಸುಮ್ಕಿರಿ, ಜನ ಅವ್ರೆ," ಅಂದೆ.

"ಏನತ್ತಿಗೆ, ಏನ್ ಕೇಳ್ತಾವ್ನೆ ಅಣ್ಣ?" ಎಂದಳು ಅವರ ತಂಗಿ.

"ನೀರು," ಅಂದೆ.

ಮಗನೇ, ಇಲ್ಲಿಗೆ ಬಂದಾಗ ನೀನು ಓದುವುದು ನಿಲ್ಲಿಸಬಹುದು. ನಿನಗೂ ಇದು ಗೊತ್ತಿಲ್ಲ. ನರ್ಸಮ್ಮನನ್ನು ಕೇಳಿಕೊಂಡು, ಮಾಸ್ಕು ಸರಿಸಿ, ಚಮಚದಲ್ಲಿ ನೀರು ಹಾಕಿದವನು ನೀನೇ. ಅಪ್ಪನ ಕೊನೆಯ ಆಸೆ ನೀರು, ಅದನ್ನು ನಾನು ತೀರಿಸಿದೆ ಎಂದು ನೀನು ಎಲ್ಲರಿಗೂ ಹೇಳಿಕೊಂಡು ಅತ್ತಿದ್ದೀಯ. ನಾನು ಪ್ರತಿ ಸಲವೂ ತಲೆ ತಗ್ಗಿಸಿಕೊಂಡು ಕೂತಿದ್ದೇನೆ. ಅವರು ನೀರು ಕೇಳಲಿಲ್ಲಪ್ಪ. ಆದರೂ ಕುಡಿದರು. ಕುಡಿಯುತ್ತಾ ನನ್ನ ಕಡೆ ನೋಡಿದರು. ಆ ಕಣ್ಣಿನಲ್ಲಿ ನಗು ಇತ್ತು. ನನ್ನ ಸುಳ್ಳನ್ನು ಹಿಡಿದುಬಿಟ್ಟಾಗ ಬರುತ್ತಿದ್ದ ನಗು.

ಬೆಳಕು ಹರಿಯುವ ಮೊದಲೇ ಹೋದರು.

ಕರ್ಮ ಎಲ್ಲ ಮುಗಿದ ಮೇಲೆ ನಾನು ಹೊಲಕ್ಕೆ ಹೋದೆ. ಅವರು ಕೂತಿದ್ದ ಬದು ಯಾವುದು ಅಂತ ಗೊತ್ತು, ಹೊಂಗೆಮರದ ಪಕ್ಕದ್ದು. ಅದೇ ಹೊತ್ತಿಗೆ ಹೋಗಿ ಅದೇ ಕಡೆ ಮುಖ ಮಾಡಿ ಕೂತೆ. ನೀನೂ ದಿನಾ ನೋಡ್ತೀಯ ಅಂದಿದ್ದರಲ್ಲ, ಕಾಣಲೇಬೇಕು. ಒಂದು ದಿನ ಎಳೆಬಿಸಿಲು ಬೇಲಿ ದಾಟಿ ಪೈರಿನ ಮೇಲೆ ನಡೆದು ಬಂತು. ಇದೇ ಅಂದುಕೊಂಡೆ. ಆದರೆ ಬಿಸಿಲು ಬಿಟ್ಟು ಹೋಗುವ ಕಾವನ್ನು ಮಣ್ಣು ತೆಗೆದುಕೊಳ್ಳುತ್ತದೆ. ಇನ್ನೊಂದು ದಿನ ಗಾಳಿಯಲ್ಲಿ ಜೇಡನ ಒಂದು ನೂಲು ತೇಲಿಕೊಂಡು ಬಂದು, ಬೇಲಿಗೆ ತಾಗದೆ, ಅವರೆ ಸಾಲಿನ ಮೇಲೆಲ್ಲ ಹೊಳೆಯುತ್ತಾ ಹೋಯಿತು. ಆದರೆ ಅದು ತುಳಿಯುವುದಿಲ್ಲ. ಹದ್ದಿನ ನೆರಳು, ಹೂ ಬಿಟ್ಟ ಹೊಂಗೆಯ ವಾಸನೆ, ದೂರದ ರಸ್ತೆಯಲ್ಲಿ ಶಿಫ್ಟಿನ ಬಸ್ಸು ಹೋದ ಸದ್ದು. ಹೆಚ್ಚಿನವು ಎರಡು ಸಾಲಿಗೆ ಹೊಂದುತ್ತವೆ, ಮೂರನೆಯದಕ್ಕೆ ಕೈ ಬಿಡುತ್ತವೆ. ಒಂದೆರಡು ಮೂರಕ್ಕೂ ಹೊಂದುತ್ತವೆ. ಆದರೆ ಹೊಂದಿದರೆ ಸಾಲದು. ಒಗಟು ಹಾಕಿದವರು "ಹೂಂ, ಅದೇ" ಅನ್ನಬೇಕು. ಅದನ್ನು ಅನ್ನುವವರು ಇಲ್ಲ.

ನಾನು ಹೊಸ ಒಗಟು ಕಟ್ಟಿಲ್ಲ. ಕಟ್ಟೋಣವೆಂದು ಕೂತಿದ್ದೇನೆ, ಆಗುವುದಿಲ್ಲ. ಹೊಲ ನೋಡಿದರೆ ಈಗ ಎಲ್ಲದಕ್ಕೂ ಅದರದರ ಹೆಸರೇ ಕಾಣುತ್ತದೆ. ಇದು ಅವರೆ, ಇದು ರಾಗಿ, ಇದು ಟೊಮೇಟೊ. ಯಾವುದಕ್ಕೂ ಕೈಯಿಲ್ಲ, ಕಣ್ಣಿಲ್ಲ. ಹೆಸರು ಮರೆಯುವುದು ನನಗೆ ಮರೆತು ಹೋಗಿದೆ.

ಹೋದ ತಿಂಗಳು ಹಿರಿಯವಳು ವ್ಯಾನಿನಿಂದ ಇಳಿದು ಬ್ಯಾಗನ್ನೂ ತೆಗೆಯದೆ ಬಂದಳು. "ಅಜ್ಜಿ, ತಮಿಳ್ ಮಿಸ್ಸು ಎಲ್ರೂ ಮನೇಲಿ ಕೇಳಿ ಒಂದೊಂದು ವಿಡುಕದೈ ತರ್ಬೇಕು ಅಂದ್ರು, ಅದೇ ಅಜ್ಜಿ, ಒಗಟು. ಯಾರಿಗೂ ಬರ್ಬಾರ್ದು, ಅಂಥದ್ದು ಕೊಡು."

ತೆನೆಯದು ಹೇಳಿದೆ. "ಅದು ನಂಗೇ ಗೊತ್ತು." ಗೀಜಗದ್ದು ಹೇಳಿದೆ. "ಅದು ತಮ್ಮಂಗೂ ಗೊತ್ತು ಅಜ್ಜಿ, ಬೇರೆ!" ಆಗ ನನ್ನ ಬಾಯಲ್ಲಿ ತಾತನ ಒಗಟು ಬಂದುಬಿಟ್ಟಿತು. ತಾತನದು ಅಂತ ಹೇಳಲಿಲ್ಲ. ಮನಸ್ಸಿನಲ್ಲಿ ಒಂದು ಆಸೆ. ಚಿಕ್ಕ ಕಣ್ಣು, ಇವಳಿಗೆ ಹೊಳೆದುಬಿಟ್ಟರೆ? ಕೇಳಿದ ಕೂಡಲೇ ಅದೇ ಸರಿ ಅಂತ ನನಗೆ ಗೊತ್ತಾಗಿಬಿಟ್ಟರೆ?

ಹಿರಿಯವಳೇ, ನೀನು ಊಟ ಮಾಡುವವರೆಗೂ ಯೋಚನೆ ಮಾಡಿದೆ. ಹಾವು ಅಂದೆ, ಡ್ರೋನ್ ಅಂದೆ, ದೆವ್ವ ಅಂದೆ. ನಿನ್ನ ತಮ್ಮ "ಅಜ್ಜಿ" ಅಂದ, "ಅಜ್ಜಿ ಬೇಲಿ ದಾಟಿದ್ರೆ ಸೀರೆ ಸಿಗಾಕ್ಕೊತದೆ" ಎಂದು ನೀನು ಅವನ ತಲೆಗೆ ಮೊಟಕಿದೆ. ಕೊನೆಗೆ ನನ್ನ ಮಡಿಲಿಗೆ ಬಿದ್ದು, "ಹೋಗ್ಲಿ, ಸೋತೆ. ಹೊಸೂರೇ ಕೊಟ್ಟೆ ತಗೋ. ಹೇಳಜ್ಜಿ," ಎಂದೆ.

ಎಷ್ಟು ಸುಲಭವಾಗಿ ಕೊಟ್ಟುಬಿಟ್ಟೆ ನೀನು.

ಕೊಟ್ಟ ಮೇಲೆ ಹೇಳಲೇಬೇಕು. ನೀನು ನನ್ನ ಬಾಯನ್ನೇ ನೋಡುತ್ತಿದ್ದೆ. ನನಗೆ ಗೊತ್ತಿಲ್ಲ ಅಂತ ಹೇಳಿದರೆ ಯಾಕೆ ಗೊತ್ತಿಲ್ಲ ಅಂತ ಕೇಳುತ್ತೀಯ, ಆಗ ಎಲ್ಲ ಹೇಳಬೇಕಾಗುತ್ತದೆ. "ಮೋಡದ ನೆರಳು," ಅಂದೆ ನಾನು.

ನೀನು ಮಡಿಲಿಂದಲೇ ಮುಖ ಎತ್ತಿ, "ನೆರಳು ಏನ್ ಬಿಟ್ಟು ಹೋಗ್ತದೆ ಅಜ್ಜಿ? ಏನೂ ಇಲ್ವಲ್ಲ. ಚೀಟಿಂಗ್," ಎಂದೆ.

ನಿನ್ನ ತಾತನ ಮಾತೇ. ನನ್ನ ಕೈ ನಿನ್ನ ತಲೆಯ ಮೇಲೆ ನಿಂತುಹೋಯಿತು. ಆಗಲಾದರೂ ನಿಜ ಹೇಳಬಹುದಿತ್ತು. "ತಂಪು ಬಿಟ್ಟೋಗ್ತದೆ," ಎಂದು ಇನ್ನೊಂದು ಸುಳ್ಳು ಸೇರಿಸಿದೆ. ನೀನು ಒಪ್ಪಿಕೊಂಡೆ. ತಮಿಳಿನಲ್ಲಿ ಬರೆದುಕೊಂಡು ಹೋದೆ. ಮಾರನೆಯ ದಿನ ಹಾರಿಕೊಂಡು ಬಂದೆ. ಕ್ಲಾಸಿನಲ್ಲಿ ಯಾರಿಗೂ ಬರಲಿಲ್ಲವಂತೆ, ಮಿಸ್ಸು ಬೋರ್ಡಿನ ಮೇಲೆ ಬರೆದರಂತೆ, ಇದನ್ನು ಕಟ್ಟಿದವರು ಯಾರು ಅಂತ ಕೇಳಿದರಂತೆ. "ನಮ್ಮಜ್ಜಿ ಅಂದೆ!" ಎಂದೆ ನೀನು. ನಾನು ಒಳಗೆ ಹೋಗಿ ಒಲೆಯ ಮುಂದೆ ಕೂತೆ.

ಅದಕ್ಕೇ ಇದನ್ನು ಬರೆದದ್ದು. ಅದು ನಾನು ಕಟ್ಟಿದ್ದಲ್ಲ, ನಿಮ್ಮ ತಾತ ಕಟ್ಟಿದ್ದು. ಮೋಡದ ನೆರಳು ಅಲ್ಲವೇ ಅಲ್ಲ, ಅವರೇ ಅಲ್ಲ ಅಂದಿದ್ದಾರೆ. ನಾಳೆ ಮಿಸ್ಸಿಗೆ ಹೇಳು, ಇಲ್ಲದಿದ್ದರೆ ಬಿಡು, ಆದರೆ ನಿನ್ನ ಪುಸ್ತಕದಲ್ಲಿ ಉತ್ತರದ ಜಾಗ ಅಳಿಸಿ ಖಾಲಿ ಬಿಡು. ಮುಂದೆ ಯಾವತ್ತಾದರೂ ನಿಮಗೆ ಅದು ಕಾಣಬಹುದು. ಬಂದು ನನಗೆ ಹೇಳಿದರೆ ಕೇಳಿಸಿಕೊಳ್ಳುತ್ತೇನೆ. ಆದರೆ ಸರಿಯೋ ತಪ್ಪೋ ಅಂತ ನನ್ನನ್ನು ಕೇಳಬೇಡಿ. ಅದನ್ನು ಹೇಳುವುದು ನನ್ನ ಕೈಯಲ್ಲಿಲ್ಲ.

ನಿನ್ನೆ ಬೆಳಗ್ಗೆ ನಾನು ಬದುವಿನ ಮೇಲೆ ಎದ್ದು ನಿಂತು "ಕೊಟ್ಟೆ" ಅಂದೆ. ಜೋರಾಗಿಯೇ ಅಂದೆ. ಪಕ್ಕದ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರೆಲ್ಲ ತಲೆ ಎತ್ತಿ ನೋಡಿದರು. ಒಬ್ಬಳು, "ಯಾರಿಗಕ್ಕ, ಏನ್ ಕೊಟ್ರಿ?" ಎಂದು ಕೂಗಿದಳು. ನನಗೆ ನಾಚಿಕೆಯಾಗಲಿಲ್ಲ. ನಾನು ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ಮನೆಗೆ ಬಂದೆ.